ಕಂಪ್ಯೂಟರ್ ಶುರುವಾಗುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇಷ್ಟು ನೋಡಿ

ಪವರ್ ಬಟನ್ ಒತ್ತಿದ್ದೀರಿ. ಫ್ಯಾನ್ ಸದ್ದು ಕೇಳಿಸುತ್ತಿದೆ. ಕಂಪನಿಯ ಲೋಗೊ ಕೂಡ ಬಂದು ಹೋಯಿತು. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ನೋ ಬೂಟಬಲ್ ಡಿವೈಸ್’. ಶುರುವಾಗಲು ಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಫಾರ್ಮ್ಯಾಟ್ ಮಾಡಬೇಕು ಸಾರ್.’ ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವುದು. ಮದುವೆಯ ಫೋಟೊ, ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಜಿಎಸ್‌ಟಿ ಲೆಕ್ಕ ಎಲ್ಲವೂ ಅದರ ಜೊತೆ ಹೋಗುತ್ತವೆ. ಎಷ್ಟೋ ಸಲ ಇದರ ಅಗತ್ಯವೇ ಇರುವುದಿಲ್ಲ. ತೊಂದರೆ ಎಲ್ಲಿದೆ ಎಂದು ಮೊದಲು ಗುರುತಿಸಬೇಕು, ಆಮೇಲೆ ಡೇಟಾವನ್ನು ಬೇರೆಡೆಗೆ ನಕಲು ಮಾಡಬೇಕು, ರಿಪೇರಿಗೆ ಕೈ ಹಾಕುವುದು ಅದರ ನಂತರ. ಈ ಕ್ರಮ ತಪ್ಪಬಾರದು.

ಸ್ಟಾರ್ಟ್‌ಅಪ್ ಡಿಸ್ಕ್ ಅಥವಾ ಬೂಟ್ ಡಿಸ್ಕ್ ಎಂದರೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಇರುವ ಡಿಸ್ಕ್. ಹಳೆಯ ಯಂತ್ರಗಳಲ್ಲಿ ಇದು ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಈಚಿನ ಯಂತ್ರಗಳಲ್ಲಿ ಎಸ್‌ಎಸ್‌ಡಿ ಇರುತ್ತದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಇರುವುದು ಬರೀ ಮೆಮೊರಿ ಚಿಪ್‌ಗಳು. ‘ನನ್ನ ಫೈಲುಗಳೆಲ್ಲ ಡಿ ಡ್ರೈವ್‌ನಲ್ಲಿವೆ, ಸಿ ಹೋದರೆ ಹೋಗಲಿ’ ಎಂದು ಧೈರ್ಯವಾಗಿರುವವರು ಬಹಳ ಮಂದಿ. ಆದರೆ ಹೆಚ್ಚಿನ ಮನೆಗಳ ಕಂಪ್ಯೂಟರಿನಲ್ಲಿ ಸಿ, ಡಿ, ಇ ಎಲ್ಲವೂ ಒಂದೇ ಡಿಸ್ಕಿನ ಪಾಲುಗಳು. ವಿಂಡೋಸ್ ಮಾತ್ರ ಕೆಟ್ಟಿದ್ದರೆ ಡಿ ಉಳಿಯುತ್ತದೆ. ಡಿಸ್ಕೇ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಎಲ್ಲಿ ನಿಂತಿತು?

ಬಟನ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಕಾಣುವವರೆಗೆ ನಡೆಯುವ ಕೆಲಸ ರಿಲೇ ಓಟವಿದ್ದಂತೆ. ಒಬ್ಬರು ಕೋಲನ್ನು ಮುಂದಿನವರ ಕೈಗೆ ಕೊಡಬೇಕು. ಮೊದಲು ಓಡುವುದು ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಯುಇಎಫ್‌ಐ ಎಂಬ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಈ ಜಾಗದಲ್ಲಿ ಬಯಾಸ್ ಇತ್ತು, ಈಗಲೂ ಜನ ಬಯಾಸ್ ಎಂದೇ ಕರೆಯುತ್ತಾರೆ. ಅದು ಡಿಸ್ಕನ್ನು ಹುಡುಕಿ, ಅದರಲ್ಲಿರುವ ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಭಾಗವನ್ನು ತೆರೆಯುತ್ತದೆ. ವಿಂಡೋಸ್‌ನಲ್ಲಿ ಈ ಭಾಗ ಸಾಮಾನ್ಯವಾಗಿ 100 ಎಂಬಿಯಷ್ಟು ಇರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿರುವುದು ಬೂಟ್ ಮ್ಯಾನೇಜರ್. ಅದು ಬಿಸಿಡಿ ಎಂಬ ಕಡತವನ್ನು ಓದಿ, ವಿಂಡೋಸ್ ಯಾವ ಪಾರ್ಟಿಷನ್‌ನಲ್ಲಿದೆ ಎಂದು ತಿಳಿದುಕೊಂಡು ಅದನ್ನು ಎಬ್ಬಿಸುತ್ತದೆ. ವಿಂಡೋಸ್ ತನ್ನ ಡ್ರೈವರ್‌ಗಳನ್ನು, ಎಂದರೆ ಯಂತ್ರಾಂಶಗಳ ಜೊತೆ ಮಾತಾಡುವ ಸಣ್ಣ ತಂತ್ರಾಂಶಗಳನ್ನು, ಒಂದೊಂದಾಗಿ ಏರಿಸಿಕೊಂಡು ನಿಮಗೆ ಲಾಗಿನ್ ಪರದೆ ತೋರಿಸುತ್ತದೆ. ಕೋಲು ಯಾರ ಕೈಯಿಂದ ಬಿತ್ತು ಎನ್ನುವುದನ್ನು ಪರದೆಯೇ ಹೇಳುತ್ತದೆ.

ಲೋಗೊ ಕೂಡ ಬರದೆ ಬೀಪ್ ಸದ್ದು ಮಾತ್ರ ಬರುತ್ತಿದ್ದರೆ ಡಿಸ್ಕನ್ನು ದೂರಬೇಡಿ. ತೊಂದರೆ ರ‍್ಯಾಮ್‌ನಲ್ಲೋ ಮದರ್‌ಬೋರ್ಡಿನಲ್ಲೋ ಇರುವ ಸಾಧ್ಯತೆ ಹೆಚ್ಚು.

ಲೋಗೊ ಬಂದು ‘ನೋ ಬೂಟಬಲ್ ಡಿವೈಸ್’ ಎಂದರೆ ಮೊದಲು ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್ ಏನೇ ಸಿಕ್ಕಿಸಿದ್ದರೂ ತೆಗೆದು ಮತ್ತೆ ಆನ್ ಮಾಡಿ. ಯಂತ್ರ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕುತ್ತಾ ನಿಂತಿರಬಹುದು. ಅದರಿಂದ ಸರಿಹೋಗದಿದ್ದರೆ ಆನ್ ಮಾಡಿದ ಕೂಡಲೇ ಎಫ್ 2 ಅಥವಾ ಡಿಲೀಟ್ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಾ ಬಯಾಸ್‌ಗೆ ಹೋಗಿ. ಯಾವ ಕೀಲಿ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಎಚ್‌ಪಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ 10. ಅಲ್ಲಿ ನಿಮ್ಮ ಡಿಸ್ಕಿನ ಹೆಸರು ಕಾಣುತ್ತಿದೆಯೇ?

ಕಾಣದಿದ್ದರೆ ಸಂಪರ್ಕದ ತೊಂದರೆ ಇರಬಹುದು, ಇಲ್ಲವೇ ಡಿಸ್ಕೇ ಸತ್ತಿರಬಹುದು. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಡಿಸ್ಕಿಗೆ ಹೋಗುವ ಎರಡು ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ಅಗಲವಾದದ್ದು ವಿದ್ಯುತ್ತಿನದು, ಸಣ್ಣದು ಡೇಟಾದ್ದು. ಡೇಟಾ ಕೇಬಲ್ ಸಡಿಲವಾಗಿ ಡಿಸ್ಕ್ ಮಾಯವಾಗುವುದು ತೀರಾ ಸಾಮಾನ್ಯ.

ಹೆಸರು ಕಾಣುತ್ತಿದ್ದರೆ ಅರ್ಧ ನಿರಾಳ. ಈಗ ‘ಬೂಟ್ ಆರ್ಡರ್’ ನೋಡಿ. ಯಾವ ಸಾಧನವನ್ನು ಮೊದಲು ಹುಡುಕಬೇಕು ಎಂಬ ಪಟ್ಟಿ ಅದು. ಅದರ ತಲೆಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಇರಬೇಕು.

ಹಳೆಯ ಡೆಸ್ಕ್‌ಟಾಪ್ ಇರುವವರಿಗೆ ಒಂದು ಮಾತು. ಬಯಾಸ್ ಪರದೆಯಲ್ಲಿ ಇಂದಿನ ದಿನಾಂಕ, ಗಂಟೆ ಸರಿಯಾಗಿದೆಯೇ ಎಂದು ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ, 3 ವೋಲ್ಟ್‌ನದು. ಅದು ಮುಗಿದರೆ, ಕರೆಂಟ್ ಹೋದಾಗಲೆಲ್ಲ ಬಯಾಸ್ ತನ್ನ ಸೆಟ್ಟಿಂಗ್ ಮರೆಯುತ್ತದೆ. ಬೂಟ್ ಆರ್ಡರ್ ಬದಲಾಗುತ್ತದೆ. ಡಿಸ್ಕಿನ ಜೊತೆ ಮಾತಾಡುವ ರೀತಿ ಎಎಚ್‌ಸಿಐ ಇದ್ದದ್ದು ರೇಡ್‌ಗೆ, ರೇಡ್ ಇದ್ದದ್ದು ಎಎಚ್‌ಸಿಐಗೆ ತಿರುಗಿಬಿಡಬಹುದು. ಆಗ ವಿಂಡೋಸ್ ದೋಷದ ಪರದೆ ತೋರಿಸಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತದೆ. ಡಿಸ್ಕ್ ಇದೆ, ಆದರೆ ನನಗೆ ಓದಲಾಗುತ್ತಿಲ್ಲ ಎಂದು ಹೇಳುವ ರೀತಿ ಅದು. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಕೈಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿ ಹಾಕಿ, ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿದರೆ ಯಂತ್ರ ಎದ್ದು ಕೂರುತ್ತದೆ. ಇಂಥ ಯಂತ್ರವನ್ನೂ ಫಾರ್ಮ್ಯಾಟ್ ಮಾಡಿ ಹಣ ತೆಗೆದುಕೊಳ್ಳುವವರಿದ್ದಾರೆ. ಅದು ತಪ್ಪು ಎಂದು ನೇರವಾಗಿಯೇ ಹೇಳುತ್ತೇನೆ.

2024ರ ಜುಲೈ 19 ನಿಮಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಆ ಡಿಸ್ಕ್‌ಗಳೆಲ್ಲ ಚೆನ್ನಾಗಿಯೇ ಇದ್ದವು. ಕೋಲು ಬಿದ್ದದ್ದು ಕೊನೆಯ ಹಂತದಲ್ಲಿ, ಒಂದು ಡ್ರೈವರ್ ಓದುವ ಕಡತದಲ್ಲಿ. ಸೇಫ್ ಮೋಡ್‌ಗೆ, ಅಂದರೆ ಅತಿ ಅಗತ್ಯದ ಡ್ರೈವರ್‌ಗಳಷ್ಟೇ ಏಳುವ ಸ್ಥಿತಿಗೆ ಹೋಗಿ ಆ ಕಡತವನ್ನು ಅಳಿಸಿದರೆ ಯಂತ್ರ ಮತ್ತೆ ಓಡುತ್ತಿತ್ತು. ಆದರೆ ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳು ಮೊದಲು ರಿಕವರಿ ಕೀ ಕೇಳಿದವು. ಆ ಕೀಲಿಯನ್ನು ಹುಡುಕುವುದೇ ಅನೇಕ ಕಚೇರಿಗಳಿಗೆ ದೊಡ್ಡ ಕೆಲಸವಾಯಿತು.

ಈ ಕೀಲಿ ನಿಮಗೂ ಬೇಕಾಗಬಹುದು. ಬಿಟ್‌ಲಾಕರ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ವಿಂಡೋಸ್ ವ್ಯವಸ್ಥೆ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಇದು ತಾನಾಗಿಯೇ ಆನ್ ಆಗಿರುವುದುಂಟು, ನಿಮಗೆ ಗೊತ್ತೇ ಇರುವುದಿಲ್ಲ. ಕೀಲಿ 48 ಅಂಕಿಗಳದು, ಆರಾರು ಅಂಕಿಗಳ ಎಂಟು ಗುಂಪು. ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಅದೇ ಖಾತೆಗೆ ಲಾಗಿನ್ ಆದರೆ ಸಿಗುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಕೀಲಿ ಇಲ್ಲದಿದ್ದರೆ ಯಾವ ರಿಪೇರಿಯವರೂ ಆ ಡೇಟಾ ತೆಗೆದುಕೊಡಲಾರರು. ಬಯಾಸ್ ಸೆಟ್ಟಿಂಗ್ ಬದಲಿಸಿದಾಗಲೂ ಯಂತ್ರ ಇದನ್ನು ಕೇಳಬಹುದು, ಆದ್ದರಿಂದ ಕೀಲಿ ಕೈಯಲ್ಲಿಟ್ಟುಕೊಂಡೇ ಬಯಾಸ್ ಮುಟ್ಟಿ.

ಮೊದಲು ನಕಲು

ವಿಂಡೋಸ್ ಏಳದಿದ್ದರೆ ಫೈಲುಗಳನ್ನು ತೆಗೆಯುವುದು ಹೇಗೆ ಎಂದು ಕೇಳಬಹುದು. ಹಲವು ಸಲ ಶುರುವಾಗಲು ಸೋತ ಮೇಲೆ ವಿಂಡೋಸ್ ತಾನೇ ನೀಲಿ ಬಣ್ಣದ ರಿಕವರಿ ಪರದೆ ತೋರಿಸುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಕಮಾಂಡ್ ಪ್ರಾಂಪ್ಟ್’ ಎಂದು ಒಂದೊಂದಾಗಿ ಒತ್ತುತ್ತಾ ಹೋಗಿ. ಕಪ್ಪು ಕಿಟಕಿ ತೆರೆದುಕೊಂಡಾಗ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ‘ಫೈಲ್’ ಮೆನುವಿನಲ್ಲಿ ‘ಓಪನ್’ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಈಗ ಆ ಸಣ್ಣ ಕಿಟಕಿಯಲ್ಲೇ ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತವೆ. ಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಎಷ್ಟು ಕಾಪಿ ಆಯಿತು ಎಂದು ಅದು ಸರಿಯಾಗಿ ತೋರಿಸದೆ ಇರಬಹುದು, ತಾಳ್ಮೆಯಿಂದ ಕಾಯಿರಿ.

ರಿಕವರಿ ಪರದೆಯೂ ಬರದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಉಬುಂಟು ಲೈವ್ ಪೆನ್‌ಡ್ರೈವ್ ತಯಾರಿಸಿಕೊಳ್ಳಿ. ಉಬುಂಟು ಉಚಿತ ಆಪರೇಟಿಂಗ್ ಸಿಸ್ಟಮ್. ಲೈವ್ ಎಂದರೆ ಡಿಸ್ಕಿಗೆ ಅಳವಡಿಸದೆ ಪೆನ್‌ಡ್ರೈವ್‌ನಿಂದಲೇ ಓಡುವಂಥದ್ದು. ಬೂಟ್ ಆರ್ಡರ್‌ನಲ್ಲಿ ಪೆನ್‌ಡ್ರೈವನ್ನು ಮೊದಲಿಟ್ಟು ಯಂತ್ರ ಆನ್ ಮಾಡಿ, ಶುರುವಿನಲ್ಲಿ ‘ಟ್ರೈ ಉಬುಂಟು’ ಎನ್ನುವುದನ್ನೇ ಆರಿಸಿ. ‘ಇನ್‌ಸ್ಟಾಲ್’ ಒತ್ತಬೇಡಿ. ನಿಮ್ಮ ವಿಂಡೋಸ್ ಡಿಸ್ಕನ್ನು ಅದು ‘ರೀಡ್ ಓನ್ಲಿ’, ಅಂದರೆ ಓದಲು ಮಾತ್ರ ಎಂದು ತೆರೆದರೆ ಗಾಬರಿ ಬೇಡ. ನಕಲು ತೆಗೆಯಲು ಅಷ್ಟು ಸಾಕು, ಸುರಕ್ಷಿತವೂ ಹೌದು.

ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ತಕ್ಷಣ ಆಫ್ ಮಾಡಿ. ಹಾರ್ಡ್ ಡಿಸ್ಕಿನ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ಕೆಟ್ಟಿರುವಾಗ ಮತ್ತೆ ಮತ್ತೆ ಆನ್ ಮಾಡಿದರೆ ತಟ್ಟೆಯನ್ನೇ ಗೀರಬಹುದು. ಗೀರಿದ ಜಾಗದ ಡೇಟಾ ಮತ್ತೆ ಬರುವುದಿಲ್ಲ. ಡಿಸ್ಕನ್ನು ಫ್ರಿಜ್‌ನಲ್ಲಿಟ್ಟು ತೆಗೆಯಿರಿ ಎನ್ನುವ ಸಲಹೆ ಈಗಲೂ ಓಡಾಡುತ್ತಿದೆ. ಹಾಗೆ ಮಾಡಿದರೆ ಒಳಗೆ ತೇವ ಕೂರುತ್ತದೆ. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡವೇ ಬೇಡ.

ಡಿಸ್ಕಿನ ಆರೋಗ್ಯ

ಹೆಚ್ಚಿನ ಡಿಸ್ಕ್‌ಗಳು ತಮ್ಮ ಆರೋಗ್ಯವನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಈ ದಾಖಲೆಯ ಹೆಸರು ಸ್ಮಾರ್ಟ್. ವಿಂಡೋಸ್ ಹೇಗೋ ಎದ್ದರೆ, ಅಥವಾ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ನೀಲಿ ‘ಗುಡ್’, ಹಳದಿ ‘ಕಾಷನ್’, ಕೆಂಪು ‘ಬ್ಯಾಡ್’. ಹಾರ್ಡ್ ಡಿಸ್ಕ್ ಆದರೆ ಕೆಳಗಿನ ಪಟ್ಟಿಯಲ್ಲಿ ಮೂರು ಸಾಲು ನೋಡಿ. 05 ಎಂಬ ಸಾಲು, ಕೆಟ್ಟ ಜಾಗಗಳ ಬದಲಿಗೆ ಡಿಸ್ಕ್ ತನ್ನ ಮೀಸಲು ಜಾಗವನ್ನು ಎಷ್ಟು ಬಳಸಿಕೊಂಡಿದೆ ಎಂದು ಹೇಳುತ್ತದೆ. ಸಿ5 ಎಂಬುದು ಓದಲಾಗದೆ ಬಾಕಿ ಉಳಿದಿರುವ ಜಾಗಗಳು. ಸಿ6 ಸರಿಪಡಿಸಲಾಗದವು. ಮೂರೂ ಸೊನ್ನೆ ಇದ್ದರೆ ಒಳ್ಳೆಯದು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿಗೆ ರಿಪೇರಿ ಇಲ್ಲ, ಬದಲಿಸಬೇಕು. ಸಿ7 ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಏಕೆಂದರೆ ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಣೆಯ ತಪ್ಪುಗಳ ಎಣಿಕೆ.

ಎಸ್‌ಎಸ್‌ಡಿ ಹಾಗೆ ಸದ್ದು ಮಾಡಿ ಎಚ್ಚರಿಸುವುದಿಲ್ಲ. ನಿನ್ನೆ ಚೆನ್ನಾಗಿದ್ದದ್ದು ಇಂದು ಬಯಾಸ್‌ನಲ್ಲೇ ಕಾಣದೆ ಹೋಗಬಹುದು. ಅಲ್ಲದೆ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಅದು ಬೇಗನೆ ಖಾಲಿ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕನ್ನು ತಪ್ಪಿ ಫಾರ್ಮ್ಯಾಟ್ ಮಾಡಿದರೂ ಫೈಲುಗಳನ್ನು ಮರಳಿ ತೆಗೆಯುವ ಆಸೆ ಇರುತ್ತದೆ, ಎಸ್‌ಎಸ್‌ಡಿಯಲ್ಲಿ ಆ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಫಾರ್ಮ್ಯಾಟ್ ಎಂಬ ಮಾತು ಬಂದಾಗ ನಾನು ಇಷ್ಟೊಂದು ಎಚ್ಚರಿಸುವುದು ಇದೇ ಕಾರಣಕ್ಕೆ.

ಈಗ ರಿಪೇರಿ

ಡೇಟಾ ಹೊರಬಂತು, ಡಿಸ್ಕ್ ಆರೋಗ್ಯವಾಗಿದೆ ಎಂದಾಯಿತು. ಈಗ ರಿಕವರಿ ಪರದೆಯ ‘ಸ್ಟಾರ್ಟ್‌ಅಪ್ ರಿಪೇರ್’ ಒತ್ತಿ ನೋಡಿ. ಅದಕ್ಕೆ ಆಗದಿದ್ದರೆ ಮತ್ತೆ ಕಮಾಂಡ್ ಪ್ರಾಂಪ್ಟ್‌ಗೆ ಬನ್ನಿ. ಇಲ್ಲೊಂದು ಗೊಂದಲವಿದೆ. ರಿಕವರಿ ಪರದೆಯಲ್ಲಿ ನಿಮ್ಮ ಸಿ ಡ್ರೈವ್ ಡಿ ಎಂದೋ ಇ ಎಂದೋ ಕಾಣಿಸಬಹುದು. ವಿಂಡೋಸ್ ಮತ್ತು ಯೂಸರ್ಸ್ ಎಂಬ ಫೋಲ್ಡರ್‌ಗಳು ಯಾವುದರಲ್ಲಿವೆಯೋ ಅದೇ ನಿಮ್ಮ ಸಿ. ಅದನ್ನು ಖಚಿತ ಮಾಡಿಕೊಂಡೇ ಮುಂದುವರಿಯಿರಿ.

ಮೊದಲನೆಯ ಆಜ್ಞೆ ಚೆಕ್‌ಡಿಸ್ಕ್. ಟೈಪ್ ಮಾಡಬೇಕಾದದ್ದು ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರ, ಆಮೇಲೆ ಡ್ರೈವ್‌ನ ಅಕ್ಷರ ಮತ್ತು ಕೋಲನ್ ಚಿಹ್ನೆ. ಇಷ್ಟೇ ಕೊಟ್ಟರೆ ಅದು ಪರೀಕ್ಷೆ ಮಾತ್ರ ಮಾಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಕೊನೆಯಲ್ಲಿ ಓರೆಗೆರೆ ಹಾಕಿ ಎಫ್ ಸೇರಿಸಿದರೆ ಕಡತಗಳ ಪಟ್ಟಿಯಲ್ಲಿರುವ ತಪ್ಪುಗಳನ್ನು ತಿದ್ದುತ್ತದೆ. ಆರ್ ಸೇರಿಸಿದರೆ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿ ಕೆಟ್ಟ ಜಾಗ ಹುಡುಕುತ್ತದೆ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ಈ ಆರ್ ಆಯ್ಕೆ ಓಡಿಸಿದರೆ ಅದರ ಕೊನೆಯ ಉಸಿರೂ ಹೋಗಬಹುದು. ಮುಗಿದಾಗ ಬರುವ ವರದಿಯಲ್ಲಿ ‘ಬ್ಯಾಡ್ ಸೆಕ್ಟರ್ಸ್’ ಎಂಬ ಸಾಲು ಹುಡುಕಿ. ಅದರ ಮುಂದೆ 0 ಕೆಬಿ ಇರಬೇಕು.

ಬೂಟ್ ಕಡತಗಳೇ ಹಾಳಾಗಿದ್ದರೆ ಬಿಸಿಡಿಬೂಟ್ ಎಂಬ ಆಜ್ಞೆ. ಅದರ ಮುಂದೆ ಒಂದು ಜಾಗ ಬಿಟ್ಟು ನಿಮ್ಮ ವಿಂಡೋಸ್ ಫೋಲ್ಡರಿನ ದಾರಿ ಕೊಡಬೇಕು: ಡ್ರೈವ್‌ನ ಅಕ್ಷರ, ಕೋಲನ್, ಹಿಂಬದಿ ಓರೆಗೆರೆ, ವಿಂಡೋಸ್. ಇಎಫ್‌ಐ ಪಾರ್ಟಿಷನ್‌ಗೆ ಬೇಕಾದ ಕಡತಗಳನ್ನು ಅದು ಮತ್ತೆ ಬರೆಯುತ್ತದೆ. ಹಳೆಯ ಪುಸ್ತಕಗಳಲ್ಲಿ ಬೂಟ್‌ರೆಕ್ ಎಂಬ ಆಜ್ಞೆಯ ಸಲಹೆ ಇರುತ್ತದೆ. ಯುಇಎಫ್‌ಐ ಯಂತ್ರಗಳಲ್ಲಿ ಅದರ ಫಿಕ್ಸ್‌ಬೂಟ್ ಭಾಗ ‘ಆಕ್ಸೆಸ್ ಈಸ್ ಡಿನೈಡ್’ ಎಂದು ನಿಲ್ಲುವುದು ಸಾಮಾನ್ಯ. ಹಾಗಾದರೆ ಬಿಸಿಡಿಬೂಟ್ ಬಳಸಿ.

ಮ್ಯಾಕ್ ಬಳಸುವವರಿಗೆ ಪರದೆಯ ಭಾಷೆಯೇ ಬೇರೆ. ಫೋಲ್ಡರ್ ಚಿತ್ರದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಮಿನುಗುತ್ತಿದ್ದರೆ ಸ್ಟಾರ್ಟ್‌ಅಪ್ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಇಂಟೆಲ್ ಮ್ಯಾಕ್ ಆದರೆ ಆನ್ ಮಾಡಿದ ಕೂಡಲೇ ಕಮಾಂಡ್ ಮತ್ತು ಆರ್ ಕೀಲಿಗಳನ್ನು ಒತ್ತಿ ಹಿಡಿಯಿರಿ. ಎಂ ಸರಣಿಯ ಚಿಪ್ ಇರುವುದಾದರೆ ಪವರ್ ಬಟನ್ನನ್ನೇ ಒತ್ತಿ ಹಿಡಿದಿರಿ, ‘ಆಪ್ಷನ್ಸ್’ ಕಾಣುತ್ತದೆ. ಒಳಗೆ ‘ಡಿಸ್ಕ್ ಯುಟಿಲಿಟಿ’ ತೆರೆದು, ‘ವ್ಯೂ’ ಮೆನುವಿನಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿ. ಈಗ ಡಿಸ್ಕ್, ಅದರೊಳಗೆ ಕಂಟೇನರ್, ಅದರೊಳಗೆ ವಾಲ್ಯೂಮ್‌ಗಳು ಒಂದರ ಕೆಳಗೊಂದು ಕಾಣುತ್ತವೆ. ‘ಫಸ್ಟ್ ಏಡ್’ ಅನ್ನು ಕೆಳಗಿನ ವಾಲ್ಯೂಮ್‌ನಿಂದ ಶುರುಮಾಡಿ ಮೇಲಿನ ಡಿಸ್ಕ್‌ವರೆಗೆ ಒಂದೊಂದಕ್ಕೂ ಓಡಿಸಿ. ಎಂ ಸರಣಿಯ ಮ್ಯಾಕ್‌ಗಳಲ್ಲಿ ಡೇಟಾ ಆ ಯಂತ್ರದ ಚಿಪ್‌ಗೇ ಬೀಗ ಹಾಕಿಕೊಂಡಿರುತ್ತದೆ, ಡಿಸ್ಕ್ ಬಿಚ್ಚಿ ಬೇರೆಡೆ ಓದಲಾಗದು. ಇಂಥ ಮ್ಯಾಕ್ ಇರುವವರು ಟೈಮ್ ಮಷಿನ್‌ನಂಥ ಬ್ಯಾಕಪ್ ಮೊದಲೇ ಮಾಡಿಟ್ಟುಕೊಳ್ಳುವುದು ತೀರಾ ಮುಖ್ಯ.

ಖರ್ಚೆಷ್ಟು, ಎಲ್ಲಿ?

ಮೇಲೆ ಹೇಳಿದ ತಂತ್ರಾಂಶಗಳೆಲ್ಲ ಉಚಿತ. ಬೇಕಾಗುವುದು ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್ ಮತ್ತು ಕೆಲವು ನೂರು ರೂಪಾಯಿಯ ಯುಎಸ್‌ಬಿ ಅಡಾಪ್ಟರ್. ಡಿಸ್ಕ್ ಬದಲಿಸಬೇಕಾದರೆ ಎಸ್‌ಎಸ್‌ಡಿಯನ್ನೇ ಹಾಕಿಸಿ. ಬೆಲೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಊರಿನ ಅಂಗಡಿಯಲ್ಲೂ ಈಗ ಇವು ಸಿಗುತ್ತವೆ. ಬಿಲ್ ಕೇಳಿ ಪಡೆಯಿರಿ, ಏಕೆಂದರೆ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 3ರಿಂದ 5 ವರ್ಷ ವಾರಂಟಿ ಇರುತ್ತದೆ. ವಾರಂಟಿಯಲ್ಲಿ ಸಿಗುವುದು ಬೇರೆ ಡಿಸ್ಕ್ ಮಾತ್ರ, ನಿಮ್ಮ ಡೇಟಾ ಅಲ್ಲ.

ವಿಂಡೋಸ್‌ಗೆ ಮತ್ತೆ ದುಡ್ಡು ಕೊಡಬೇಕೇ? ಬೇಡ. ಅಸಲಿ ವಿಂಡೋಸ್ 10 ಅಥವಾ 11 ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ ಅದರ ಪರವಾನಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಹೊಸ ಡಿಸ್ಕಿಗೆ ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಅಳವಡಿಸುವ ಕೂಲಿ ಕೊಟ್ಟರೆ ಸಾಕು.

ಟಕ್ ಟಕ್ ಎನ್ನುವ ಡಿಸ್ಕಿಗೆ ಡೇಟಾ ರಿಕವರಿ ಪ್ರಯೋಗಾಲಯವೇ ಬೇಕು. ದೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಮಾಡುವ ಕೆಲಸಕ್ಕೆ ಹತ್ತಾರು ಸಾವಿರ ಆಗಬಹುದು. ಪರೀಕ್ಷೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ಯಾವ ಅಂಗಡಿಗೇ ಕೊಟ್ಟರೂ ರಸೀದಿಯ ಮೇಲೆ ‘ಕೇಳದೆ ಡೇಟಾ ಅಳಿಸಬಾರದು’ ಎಂದು ಬರೆಸಿ, ಡಿಸ್ಕಿನ ಸೀರಿಯಲ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ.

ಕರೆಂಟ್ ಹೋಗಿ ಬರುವ ಊರಿನವರು ಡೆಸ್ಕ್‌ಟಾಪನ್ನು ನೇರ ಗೋಡೆಯ ಪ್ಲಗ್‌ಗೆ ಹಾಕಬೇಡಿ. ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಕಡತಗಳ ಪಟ್ಟಿ ಕೆಡುತ್ತದೆ. ಮನೆಯ ಇನ್ವರ್ಟರ್ ಇದ್ದರೆ ಅದರಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇದೆಯೇ ನೋಡಿ. ಅದು ಆನ್ ಇಲ್ಲದಿದ್ದರೆ ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು.

ಹೊಸ ಡಿಸ್ಕಿಗೆ ವಿಂಡೋಸ್ ಹಾಕಿದ ಮೇಲೆ ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದು ಕೆಲಸ ಮಾಡಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ, ಯುನಿಕೋಡ್ ಅಲ್ಲದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಡೇಟಾ ನಕಲು ತೆಗೆಯುವಾಗಲೇ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ ತೆಗೆದಿಟ್ಟುಕೊಂಡರೆ ಹುಡುಕಾಟ ತಪ್ಪುತ್ತದೆ. ಬೇಕಾದ ಕಡತಗಳೆಲ್ಲ ತೆರೆಯುತ್ತಿವೆ ಎಂದು ಖಚಿತವಾಗುವವರೆಗೆ, ಒಂದೆರಡು ತಿಂಗಳಾದರೂ, ಹಳೆಯ ಡಿಸ್ಕನ್ನು ಹೆಸರು ಬರೆದು ಎತ್ತಿಡಿ. ಆಮೇಲೆ ಅದನ್ನು ಗುಜರಿಗೆ ಹಾಕದೆ ಇ-ತ್ಯಾಜ್ಯ ಪಡೆಯುವ ಕಡೆ ಕೊಡಿ. ಕೊಡುವ ಮುನ್ನ ಅದರಲ್ಲಿರುವುದನ್ನು ಪೂರ್ತಿ ಅಳಿಸಿ. ಓದಲೇ ಆಗದ ಹಾರ್ಡ್ ಡಿಸ್ಕ್ ಆದರೆ ತಟ್ಟೆಯ ಮೂಲಕ ಹಾಯುವಂತೆ ಡ್ರಿಲ್ಲಿನಿಂದ ತೂತು ಹಾಕಿಸಿ ಕೊಡಿ.